ಗ್ಯಾರೇಜಿನ ಕಾಲುವೆ

ಜಿನ್‌ಶುಯಿ ಗೋಡೆಯ ಪ್ಲಗ್ ಕಿತ್ತು ಆ ಜಾಗಕ್ಕೆ ಧ್ವನಿವರ್ಧಕದ ತಂತಿ ಸಿಕ್ಕಿಸಿದ. ಬೀದಿಗೆ ಅಡ್ಡಲಾಗಿ ಹಾಕಿದ್ದ ಪೆಂಡಾಲಿನಲ್ಲಿ ಸನ್ಯಾಸಿನಿಯರ ಮಂತ್ರ ಒಮ್ಮೆಲೇ ಜೋರಾಯಿತು. ಗ್ಯಾರೇಜಿನೊಳಗೆ ನಲವತ್ತೆಂಟು ಗಾಜಿನ ತೊಟ್ಟಿಗಳಲ್ಲಿ ಗುಳ್ಳೆ ಏಳುವುದು ನಿಂತಿತು.

ಒರಟು ಸೆಣಬಿನ ಶೋಕದ ನಿಲುವಂಗಿ ತೊಟ್ಟಿದ್ದ ಮಿನ್‌ರೂ ತಾಯಿಯ ಪಟದ ಮುಂದಿನಿಂದ ಎದ್ದು ಬಂದಳು. ಧ್ವನಿವರ್ಧಕದ ತಂತಿಯನ್ನು ಎಳೆದು ಬಿಸಾಕಿ, ಮೀನಿನ ತೊಟ್ಟಿಗಳ ಗಾಳಿಯಂತ್ರದ ಪ್ಲಗ್ಗನ್ನು ಮತ್ತೆ ಸಿಕ್ಕಿಸಿದಳು. ಹೊರಗೆ ಮಂತ್ರ ಅರ್ಧಕ್ಕೆ ತುಂಡಾಯಿತು.

"ಏ ಹುಡುಗಿ, ನಿಮ್ಮಮ್ಮನ ದಾರಿಗೆ ಮಂತ್ರ ಬೇಕೋ ಬೇಡ್ವೋ?"

"ಪಕ್ಕದ ಮನೆಯಿಂದ ಕರೆಂಟ್ ಎಳ್ಕೊಳ್ಳಿ ಚಿಕ್ಕಪ್ಪ. ಇದನ್ನ ಮುಟ್ಟಬೇಡಿ."

"ಸತ್ತೋಳು ದೊಡ್ಡೋಳೋ, ಮೀನು ದೊಡ್ಡದೋ?"

"ಅದನ್ನ ಅಮ್ಮನ್ನೇ ಕೇಳ್ಬೇಕಿತ್ತು. ಅವಳು ಬದುಕಿರೋವಾಗ ಕೇಳೋಕೆ ನಿಮಗೆ ಧೈರ್ಯ ಬರಲಿಲ್ಲ."

ಪೆಂಡಾಲಿನ ಅಂಚಿನಲ್ಲಿ ಕೂತು ಕಾಗದದ ತಾವರೆ ಮಡಚುತ್ತಿದ್ದ ಪಕ್ಕದ ಮನೆಯ ಅಫೆನ್ ಕಿಸಕ್ಕನೆ ನಕ್ಕಳು. ಸಾವಿನ ಮನೆಯೆಂದು ನೆನಪಾಗಿ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ತನ್ನ ತಿಂಡಿ ಅಂಗಡಿಯಿಂದ ತಂತಿ ಎಳೆದುಕೊಳ್ಳಲು ಅವಳೇ ಹೇಳಿದಳು. ಮಂತ್ರ ಮತ್ತೆ ಶುರುವಾಯಿತು.

ಜಿನ್‌ಶುಯಿಯ ಸಿಟ್ಟು ಇಳಿಯಲಿಲ್ಲ. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಚಹಾ ಲೋಟ ಹಿಡಿದು ಕೂತಿದ್ದ ಅಣ್ಣನ ಎದುರು ಹೋಗಿ ನಿಂತ. ಅಣ್ಣ ತಿಯೆನ್‌ಫು ಮೂವತ್ತು ವರ್ಷ ಝಾಂಗ್‌ಹುವಾ ಊರಿನ ಬಸ್ಸು ಓಡಿಸಿ ನಿವೃತ್ತನಾದವನು, ಮಾತು ಕಡಿಮೆ.

"ಅಣ್ಣ, ನೀನೇ ಹೇಳು. ಹದಿನಾಲ್ಕು ವರ್ಷ ನಿನ್ನ ಕಾರು ಬೀದಿ ಬಿಸಿಲಲ್ಲಿ ಬೆಂದಿದೆ. ಅತ್ತಿಗೆ ಹಟ ಅತ್ತಿಗೆ ಜೊತೇಲೇ ಹೋಯ್ತು. ಎರಡು ಗಂಟೆಗೆ ಹಳೇ ಸಾಮಾನಿನವನು ಬರ್ತಾನೆ. ಗಾಜು ಕಬ್ಬಿಣ ಎಲ್ಲ ಹೊತ್ಕೊಂಡು ಹೋಗ್ತಾನೆ. ಸಂಜೆಗೆ ಕಾರು ಒಳಗೆ. ಆಗಬಹುದು ತಾನೆ?"

ತಿಯೆನ್‌ಫು ಲೋಟದೊಳಗೆ ನೋಡುತ್ತ ಕೂತ.

"ಮೀನು?" ಎಂದಳು ಮಿನ್‌ರೂ.

"ಹೊಳೆಗೆ ಬಿಡು. ಪುಣ್ಯ ಬರುತ್ತೆ."

"ಆ ಕೊಳಕು ಹೊಳೇಲಿ ನೀವೊಂದಿನ ಇದ್ದು ಬನ್ನಿ ಚಿಕ್ಕಪ್ಪ. ಆಮೇಲೆ ಪುಣ್ಯದ ಮಾತಾಡೋಣ."

*

ಮಿನ್‌ರೂಳ ತಾಯಿ ಬಾವ್‌ಲಿಯೆನ್, ಊರಿನ ಪ್ರಾಥಮಿಕ ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ಸೌಟು ಹಿಡಿದವಳು. ಶಾಲೆಗೆ ಹೋಗುವ ದಾರಿಯಲ್ಲಿ ಗದ್ದೆಯ ಕಾಲುವೆಯಿತ್ತು. ಅದರಲ್ಲಿ ಹೆಬ್ಬೆರಳಿನಷ್ಟುದ್ದದ, ಕೆಂಪು ಕಣ್ಣಿನ ಮೀನುಗಳಿದ್ದವು. ಕೆಸರಿನಲ್ಲಿ ಹುದುಗಿ ಬದುಕಿರುವ ಕಪ್ಪೆಚಿಪ್ಪಿನ ಒಳಗೇ ಅವು ಮೊಟ್ಟೆ ಇಡುತ್ತವೆ. ಕೆಲವು ವಾರ ಕಳೆದ ಮೇಲೆ ಚಿಪ್ಪು ಬಾಯಿ ತೆರೆದಾಗ ಮರಿಗಳು ಈಜಿಕೊಂಡು ಹೊರಬರುತ್ತವೆ. ಕೆಸರಿಲ್ಲದಿದ್ದರೆ ಚಿಪ್ಪಿಲ್ಲ, ಚಿಪ್ಪಿಲ್ಲದಿದ್ದರೆ ಮೀನಿಲ್ಲ.

ಅವಳು ನಿವೃತ್ತಳಾದ ವರ್ಷವೇ ಕಾಲುವೆಗೆ ಕಾಂಕ್ರೀಟ್ ಹಾಕಲು ಯಂತ್ರಗಳು ಬಂದವು.

"ನೀರು ಚೊಕ್ಕವಾಗಿ ಹರಿಯುತ್ತೆ ಅಜ್ಜಿ, ಒಳ್ಳೇದೇ ಅಲ್ವಾ?" ಎಂದ ಇಂಜಿನಿಯರ್.

"ಅಜ್ಜಿ ನಿಮ್ಮಜ್ಜಿ. ಚೊಕ್ಕ ನೀರು ಇಟ್ಕೊಂಡು ಏನ್ ಮಾಡ್ತೀಯ? ಅದರೊಳಗೆ ಇರೋಕೆ ಯಾರನ್ನ ಉಳಿಸಿದೀಯ?"

ಮೂರು ದಿನ ಮೊಣಕಾಲುದ್ದದ ಕೆಸರಿನಲ್ಲಿ ನಿಂತಳು. ಯಂತ್ರ ಒಂದು ತುದಿಯಿಂದ ಬಂದರೆ ಅವಳು ಇನ್ನೊಂದು ತುದಿಯಿಂದ. ಶಾಲೆಯ ಸಾರಿನ ಪಾತ್ರೆಗಳಲ್ಲಿ ಇನ್ನೂರು ಚಿಪ್ಪು, ಅರವತ್ತೊಂದು ಮೀನು ಮನೆಗೆ ಬಂದವು. ಮನೆಯಲ್ಲಿ ಜಾಗವಿದ್ದದ್ದು ಗ್ಯಾರೇಜಿನಲ್ಲಿ ಮಾತ್ರ. ಅವಳಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಗೇರು ಬಿಡಿಸಿ, ಬೆನ್ನು ಕೊಟ್ಟು ಅದನ್ನು ಬೀದಿಗೆ ತಳ್ಳಿದಳು.

ಕೆಲಸ ಮುಗಿಸಿ ಬಂದ ತಿಯೆನ್‌ಫು, "ಕಾರು ಯಾಕೆ ಹೊರಗಿದೆ?" ಎಂದ.

"ಅದು ಉಸಿರಾಡಲ್ಲ. ಇವು ಉಸಿರಾಡ್ತವೆ."

ಬೇಸಿಗೆಯ ಕಾವು ತಾಗದಂತೆ ಗೋಡೆಗೆ, ಸೂರಿಗೆ ದಪ್ಪ ಥರ್ಮಾಕೋಲಿನ ಹಲಗೆ ಬಡಿದಳು. ಶಾಲೆ ಎಸೆದ ಉಕ್ಕಿನ ಕಪಾಟುಗಳನ್ನು ಕೈಗಾಡಿಯಲ್ಲಿ ತಂದು ಮೂರು ಸಾಲು ನಿಲ್ಲಿಸಿದಳು. ಗಾಜು ಕೊಯ್ಯುವುದನ್ನು, ಅಂಟಿಸುವುದನ್ನು ತಾನೇ ಕಲಿತಳು. ಮೊದಲ ಮೂರು ತೊಟ್ಟಿಗಳು ಸೋರಿದವು, ನಾಲ್ಕನೆಯದು ನಿಂತಿತು. ತಂತಿ ಎಳೆಯಲು ಬಂದ ವಿದ್ಯುತ್ ಕೆಲಸದವನು, "ಯಜಮಾನರನ್ನ ಕರೀರಿ, ಎಲ್ಲೆಲ್ಲಿ ಏನು ಅಂತ ಕೇಳ್ಬೇಕು" ಎಂದ.

"ಯಜಮಾನರು ಬಸ್ಸು ಓಡಿಸ್ತಾರೆ. ಇದನ್ನ ಓಡಿಸೋಳು ನಾನು. ನನ್ನ ಕೇಳು."

ಊರು ನಕ್ಕಿತು. ಜಿನ್‌ಶುಯಿ ಹಬ್ಬದ ಊಟಕ್ಕೆ ಬಂದಾಗಲೆಲ್ಲ, "ಅತ್ತಿಗೆ, ಇದರಲ್ಲಿ ಯಾವುದನ್ನ ಹುರೀತೀರಿ?" ಅನ್ನುತ್ತಿದ್ದ. ಅವಳು ಅವನ ತಟ್ಟೆಗೆ ಬರಿಯ ಸೊಪ್ಪು ಬಡಿಸುತ್ತಿದ್ದಳು. ತಿಯೆನ್‌ಫು ಒಂದು ವಸಂತವಿಡೀ ಅವಳೊಡನೆ ಮಾತು ಬಿಟ್ಟ. ಆಮೇಲೆ ಮಾತು ಮರಳಿತಾದರೂ ಅವನು ಆ ಕೋಣೆಯ ಹೊಸ್ತಿಲು ತುಳಿದದ್ದನ್ನು ಮನೆಯವರು ಯಾರೂ ಕಾಣಲಿಲ್ಲ. ಪಕ್ಕದ ಮೆಟ್ಟಿಲಿನಿಂದಲೇ ಮಹಡಿಗೆ ಹತ್ತುತ್ತಿದ್ದ.

*

ಹನ್ನೊಂದೂವರೆಗೆ ಶವಪೆಟ್ಟಿಗೆ ಎದ್ದಿತು. ಊರ ಪದ್ಧತಿಯಂತೆ ಹೆಂಡತಿಯ ಶವದ ಹಿಂದೆ ಗಂಡ ಹೋಗುವಂತಿಲ್ಲವಾದ್ದರಿಂದ ತಿಯೆನ್‌ಫು ಮನೆಯಲ್ಲೇ ಉಳಿಯಬೇಕು. ಒಬ್ಬಳೇ ಮಗಳಾದ್ದರಿಂದ ಪಟ ಹಿಡಿದು ಮಿನ್‌ರೂ ಹೋಗಲೇಬೇಕು. ಅವಳು ತಂದೆಯ ಕುರ್ಚಿಯ ಮುಂದೆ ಮಂಡಿಯೂರಿದಳು.

"ಅಪ್ಪ, ಆ ಹಳೇ ಸಾಮಾನಿನವನು ಬಂದ್ರೆ ನಾನು ಬರೋವರೆಗೂ ನಿಲ್ಲಿಸು. ಎಲ್ಲಾನೂ ತಾಯ್‌ಚುಂಗಿನ ನನ್ನ ಮನೆಗೆ ತಗೊಂಡು ಹೋಗ್ತೀನಿ. ಬಚ್ಚಲಲ್ಲಾದ್ರೂ ಸಾಕ್ತೀನಿ."

"ನಿನ್ನ ಬಚ್ಚಲು ಎಷ್ಟಿದೆ?"

"ಅಪ್ಪ!"

"ಹೋಗು. ಹೊತ್ತಾಯ್ತು. ನಿಮ್ಮಮ್ಮನ್ನ ಕಾಯಿಸಿದ್ರೆ ಅವಳಿಗೆ ಆಗಲ್ಲ."

ಅಷ್ಟೇ. ಮಿನ್‌ರೂ ಹಲ್ಲು ಕಚ್ಚಿ ಎದ್ದಳು. ಇಂಥವನ ಜೊತೆ ಅಮ್ಮ ನಲವತ್ತೈದು ವರ್ಷ ಹೇಗೆ ಬಾಳಿದಳು ಎಂದು ದಾರಿಯುದ್ದಕ್ಕೂ ಕುದಿದಳು.

ಚಿತಾಗಾರದ ಹೊರಗಿನ ಬೆಂಚಿನ ಮೇಲೆ ಕಾಯುತ್ತ ಕೂತಾಗ ಅಫೆನ್ ಅವಳ ಕೈಗೆ ನೀರಿನ ಬಾಟಲಿ ಕೊಟ್ಟಳು.

"ಅಕ್ಕ, ನಿಮ್ಮ ಉಪಕಾರ ಮರೆಯಲ್ಲ," ಎಂದಳು ಮಿನ್‌ರೂ. "ಅಮ್ಮ ಆಸ್ಪತ್ರೇಲಿದ್ದ ನಲವತ್ತೊಂದು ದಿನ ನೀವೇ ಮೀನು ನೋಡ್ಕೊಂಡ್ರಿ."

"ನಾನಾ? ಆ ಹಸಿ ವಾಸನೆಗೆ ನನಗೆ ವಾಂತಿ ಬರುತ್ತೆ ಮಾರಾಯ್ತಿ. ನಾನು ಕಾಲಿಟ್ಟಿಲ್ಲ."

"ತಮಾಷೆ ಬೇಡ. ಒಂದು ಚಿಪ್ಪು ಸತ್ರೆ ಒಂದೇ ದಿನಕ್ಕೆ ತೊಟ್ಟಿ ಪೂರ್ತಿ ಕೊಳೆಯುತ್ತೆ. ದಿನಾ ಒಂದೊಂದನ್ನೂ ಕೈಯಲ್ಲಿ ಮುಟ್ಟಿ ನೋಡ್ಬೇಕು. ಪಾಚಿಯ ಹಸಿರು ನೀರು ಉಣಿಸ್ಬೇಕು. ನಾನು ಭಾನುವಾರ ಬಂದು ನೋಡಿದಾಗೆಲ್ಲ ಒಂದು ತೊಟ್ಟೀನೂ ಕೆಟ್ಟಿರಲಿಲ್ಲ."

ಅಫೆನ್ ಅವಳನ್ನೇ ನೋಡಿದಳು. "ನಿಮ್ಮಪ್ಪ ದಿನಾ ಬೆಳಿಗ್ಗೆ ಶೆಟರ್ ಅರ್ಧ ಎತ್ತಿ ಬಗ್ಗಿ ಒಳಗೆ ಹೋಗ್ತಿದ್ದ. ಹೊರಗೆ ಬರೋವಾಗ ತೋಳು ಭುಜದವರೆಗೂ ಒದ್ದೆ. ಏನಪ್ಪಾ ಅಂದ್ರೆ, ಚಪ್ಪಲಿ ಹುಡುಕ್ತಿದ್ದೆ ಅಂತಿದ್ದ."

ಮಿನ್‌ರೂ ಬಾಟಲಿಯ ಮುಚ್ಚಳವನ್ನು ತಿರುವುತ್ತಲೇ ಇದ್ದಳು. ಒಳಗಿನಿಂದ ಅಮ್ಮನ ಹೆಸರು ಕೂಗಿದರು.

*

ಅವರು ಮರಳಿದಾಗ ಮೂರಾಗಿತ್ತು. ಮನೆಯ ಮುಂದೆ ಹಳೇ ಸಾಮಾನಿನ ಲಾರಿ ನಿಂತಿತ್ತು. ಅದರವನು ಖಾಲಿ ಪೆಟ್ಟಿಗೆಯ ಮೇಲೆ ಕೂತು ಸಿಗರೇಟು ಸೇದುತ್ತಿದ್ದ.

"ಒಳಗಿಂದ ಶೆಟರ್ ಎಳ್ಕೊಂಡಿದಾರೆ," ಎಂದ. "ಒಂದು ಗಂಟೆ ಹೊತ್ತಿನಿಂದ ಬಡೀತಿದೀನಿ."

ಜಿನ್‌ಶುಯಿ ಎರಡೂ ಕೈಯಿಂದ ತಗಡು ಬಡಿದ. "ಅಣ್ಣ! ಬಾಗಿಲು ತೆಗಿ!"

"ಕೈ ಬಿಡುವಿಲ್ಲ," ಒಳಗಿನಿಂದ ತಿಯೆನ್‌ಫುವಿನ ದನಿ ಬಂತು.

"ಏನ್ ಮಾಡ್ತಿದೀಯ?"

"ಇವತ್ತು ಬುಧವಾರ. ನೀರು ಬದಲಾಯಿಸೋ ದಿನ."

"ಇವತ್ತು ಅತ್ತಿಗೆನ ಸುಟ್ಟು ಬಂದಿರೋ ದಿನ! ಜನ ಏನಂತಾರೆ?"

"ಜನರಿಗೆ ಊಟ ಹಾಕು. ಏನೂ ಅನ್ನಲ್ಲ."

"ನಿನ್ನ ಕಾರು ಬಿಸಿಲಲ್ಲಿ ಸಾಯ್ತಾ ಇದೆ ಕಣೋ!"

"ಅಷ್ಟು ಮರುಕ ಇದ್ರೆ ನಿನ್ನ ಮನೆಗೆ ತಗೊಂಡು ಹೋಗು. ಕೀಲಿ ಅದರಲ್ಲೇ ಇದೆ."

ಬೀದಿಯ ಆಚೆ ಬದಿಯಿಂದ ಯಾರೋ ಜೋರಾಗಿ ನಕ್ಕರು. ಈ ಸಲ ಯಾರೂ ಬಾಯಿ ಮುಚ್ಚಿಕೊಳ್ಳಲಿಲ್ಲ.

ಮಿನ್‌ರೂ ಬಗ್ಗಿ ತಗಡಿಗೆ ಬಾಯಿ ಹತ್ತಿರ ತಂದಳು. "ಅಪ್ಪ, ನಾನು."

ಒಳಗೆ ಒದ್ದೆ ಹೆಜ್ಜೆಗಳ ಸದ್ದು ಹತ್ತಿರ ಬಂತು. ಆಮೇಲೆ ಶೆಟರು ಕಿರುಗುಟ್ಟುತ್ತ ಮೊಣಕಾಲೆತ್ತರ ಎದ್ದಿತು.

"ಚಪ್ಪಲಿ ಹೊರಗೆ ಬಿಡು. ನಡುವಿನ ಸಾಲಿನ ಕೊನೇ ತೊಟ್ಟಿ ಅಲ್ಲಾಡಿಸಬೇಡ, ಮರಿ ಹೊರಗೆ ಬರ್ತಾ ಇದೆ."

ಅವಳು ಮೊದಲು ಅಮ್ಮನ ಪಟವನ್ನು ಒಳಗೆ ಸರಿಸಿದಳು. ಆಮೇಲೆ ಸೆಣಬಿನ ನಿಲುವಂಗಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಾನೂ ತೆವಳಿ ಒಳಗೆ ಹೋದಳು. ಜಿನ್‌ಶುಯಿ ಮುನ್ನುಗ್ಗುವಷ್ಟರಲ್ಲಿ ಶೆಟರು ನೆಲಕ್ಕೆ ಬಿದ್ದಿತು.

ಒಳಗೆ ಬಕೆಟ್ಟು ಬೋರಲಾದ ಸದ್ದಾಯಿತು. ಶೆಟರಿನ ಅಡಿಯಿಂದ ತೆಳು ಹಸಿರು ನೀರು ಹಣಿಕಿ, ಅಗಲವಾಗಿ ಹರಡಿ, ಬೀದಿಗೆ ಇಳಿಯಿತು. ಅದು ಜಿನ್‌ಶುಯಿಯ ಮಿರುಗುವ ಬೂಟಿನ ತುದಿಗೆ ಬಂದು ತಾಗಿತು. ಅವನು ಒಂದು ಹೆಜ್ಜೆ ಹಿಂದೆ ಸರಿದ. ನೀರು ಬರುತ್ತಲೇ ಇತ್ತು. ಅವನು ಇನ್ನೊಂದು ಹೆಜ್ಜೆ ಸರಿದ.