ಎಂಟನೆಯ ಸೂಜಿ

ಡಾಕ್ಟರು ಚುಚ್ಚಿದ ಸೂಜಿಗಳನ್ನು ಎಣಿಸಿ ತೆಗೆಯುವುದು ನನ್ನ ಕೆಲಸ. ತೆಗೆದು, ಒರೆಸಿ, ಕುದಿಸಿ, ಮತ್ತೆ ಎಣಿಸಿ ಡಬ್ಬಿಗೆ ಹಾಕಬೇಕು. ಪಾರ್ಥಸಾರಥಿ ಡಾಕ್ಟರು ಕಲ್ಕತ್ತೆಗೆ ಹೋಗಿ ಅಕ್ಯುಪಂಕ್ಚರ್ ಕಲಿತು ಬಂದು, ಮದ್ದೂರು ಸ್ಟೇಷನ್ನಿನ ಎದುರಿಗೆ ಷಾಪು ತೆರೆದು ಎರಡು ವರ್ಷವಾಗಿತ್ತು. ಬರುವವರೆಲ್ಲ ಸೊಂಟನೋವು, ಮಂಡಿನೋವಿನವರು. ಮಾಯಮ್ಮನಂಥವಳು ಬಂದದ್ದು ಅದೇ ಮೊದಲು.

ಎಪ್ಪತ್ತಾರನೇ ಇಸವಿಯ ಚಳಿಗಾಲ. ಮಾಯಮ್ಮನಿಗೆ ಎದೆಯಲ್ಲಿ ಗೆಡ್ಡೆಯಾಗಿ ಬೆಂಗಳೂರಿನಲ್ಲಿ ಆಪರೇಷನ್ ಮಾಡಿದ್ದರು. ಆಮೇಲೆ ಐದು ವಾರ ಕರೆಂಟು, ಅಂದರೆ ರೇಡಿಯೇಷನ್, ಕೊಡಿಸಿಕೊಳ್ಳಬೇಕು ಎಂದಿದ್ದರು. ಊರು ಹಲಗೂರಿನಿಂದಾಚೆ. ಅಲ್ಲಿಂದ ದಿನಾ ಓಡಾಡಲಾಗದೆ, ಮದ್ದೂರಿನ ತಂಗಿಯ ಮನೆಯಲ್ಲಿದ್ದುಕೊಂಡು ಬೆಳಗಿನ ರೈಲಿಗೆ ಹೋಗಿ ಸಂಜೆ ಬರುತ್ತಿದ್ದಳು. ಎರಡನೇ ವಾರಕ್ಕೆ ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಇನ್ನು ಕರೆಂಟೇ ಬೇಡವೆಂದು ಹಟ ಹಿಡಿದಾಗ ಅಲ್ಲಿಯ ಡಾಕ್ಟರೇ ಚೀಟಿ ಬರೆದು ನಮ್ಮಲ್ಲಿಗೆ ಕಳಿಸಿದರು.

"ನೋಡಮ್ಮ, ಗೆಡ್ಡೆಗೂ ನನ್ನ ಸೂಜಿಗೂ ಸಂಬಂಧವಿಲ್ಲ," ಎಂದರು ನಮ್ಮ ಡಾಕ್ಟರು. "ಅದು ಕರೆಂಟಿನ ಕೆಲಸ. ವಾಂತಿ ಕಮ್ಮಿಯಾದರೆ ನೀನು ಕರೆಂಟು ತಡಕೊಳ್ತೀಯ, ಅಷ್ಟೇ. ನಿನ್ನ ರಕ್ತ ಸೊರಗಿದೆ. ಎಲ್ಲಾದರೂ ಕೀವಾಯಿತೋ, ಕರೆಂಟು ನಿಲ್ಲಿಸಿಬಿಡ್ತಾರೆ. ನಡುವೆ ನಿಂತರೆ ಉಳಿಯೋದು ಕಷ್ಟ."

ಮುಂಗೈಗಳಿಗೆ, ಹೊಟ್ಟೆಗೆ, ಮಂಡಿಯ ಕೆಳಗೆ, ಒಟ್ಟು ಎಂಟು ಸೂಜಿ. ನಾಲ್ಕನೇ ದಿನಕ್ಕೆ ಮಾಯಮ್ಮ ಗಂಜಿ ಕುಡಿದು ಉಳಿಸಿಕೊಂಡಳು.

ಜೊತೆಗೆ ಬರುತ್ತಿದ್ದ ಅತ್ತೆ ಪಟ್ಟಲಮ್ಮನಿಗೆ ಮಾತ್ರ ನಾನು ಸೂಜಿ ತೆಗೆಯುವುದನ್ನು ನೋಡಲಾಗುತ್ತಿರಲಿಲ್ಲ. "ಇದೇನವ್ವ, ಒಡೆಯೋದೂ ನೀವೇ, ಕೀಳೋದೂ ನೀವೇ? ನಮ್ಮೂರ ಉಣಸೇಮರದಲ್ಲಿ ನಮ್ಮಾವ ಒಡೆದ ಮೊಳೆ ಇನ್ನೂ ಅವೆ. ಒಂದೊಂದು ಮೊಳೇಲೂ ಒಂದೊಂದು ಗಾಳಿ ಕಟ್ಟಾಕವ್ರೆ. ಕಿತ್ರೆ ಎದ್ದು ಬಂದ್ಬುಡ್ತವೆ."

"ಇದು ಗಾಳಿ ಅಲ್ಲಮ್ಮ, ವಾಂತಿ."

"ವಾಂತಿ ತರ್ಸೋದು ಯಾವ್ದು ಅಂದ್ಕಂಡೆ ಮತ್ತೆ? ಓದ್ಕಂಡೋರು ನೀವು, ನಿಮ್ಗೇನ್ ಗೊತ್ತು ಬುಡು!"

ನಾನು ನಕ್ಕೆ. ಮಾಯಮ್ಮ ನಗಲಿಲ್ಲ.

ಎರಡು ದಿನದ ಮೇಲೆ, ಅತ್ತೆ ಹೊರಗೆ ಎಲೆಯಡಿಕೆ ಉಗುಳಲು ಹೋಗಿದ್ದಾಗ, ಮಲಗಿದ್ದಲ್ಲಿಂದಲೇ ಮೆಲ್ಲಗೆ ಹೇಳಿದಳು. "ಅಮ್ಮಾರೇ, ಆ ಬೆಂಚಿನ ಮ್ಯಾಲೆ ಒಬ್ಳು ಕುಂತವ್ಳೆ."

ಗೋಡೆಗೆ ಹಾಕಿದ್ದ ಮರದ ಬೆಂಚು ಖಾಲಿಯಿತ್ತು.

"ಯಾರು?"

"ನನ್ನ ಸೀರೆನೇ ಉಟ್ಕಂಡವ್ಳೆ. ಆಪ್ರೇಸನ್ ಆದಾಗ್ನಿಂದ ನನ್ನ ಮುಂದ್ಮುಂದೇ ಓಯ್ತಳೆ. ರೈಲಲ್ಲಿ ನನ್ನ ಜಾಗ್ದಲ್ಲಿ ಕುಂತಿರ್ತಳೆ. ಕರೆಂಟು ರೂಮಿಗೂ ನನ್ಗಿಂತ ಮುಂಚೆ ಓಗಿ ಮಲಗ್ಬುಡ್ತಳೆ. ಸೂಜಿ ಇರೋಗಂಟ ಏಳಕ್ಕಾಯ್ತಿಲ್ಲ ಅವಳಿಗೆ. ನೀವು ಕಡೇ ಸೂಜಿ ಕಿತ್ತೇಟ್ಗೆ ಎದ್ದು ಒಂಟೋಯ್ತಳೆ."

ಅಷ್ಟು ನಿಶ್ಶಕ್ತಿಯಲ್ಲಿ ಏನಾದರೂ ಕಂಡೀತು ಎಂದುಕೊಂಡು ಸೂಜಿ ತೆಗೆದೆ. ಎಂಟನೆಯದು ಕೈಗೆ ಬಂದಾಗ ಬೆಂಚು ಕಿರ್ರೆಂದಿತು. ಅದರ ಒಂದು ಕಾಲು ಸಡಿಲ. ಕೂತವರು ಎದ್ದಾಗ ಹಾಗೆ ಸದ್ದು ಮಾಡುವುದುಂಟು. ಅವರು ಹೋದ ಮೇಲೆ ಗುಡಿಸುವ ನೆವದಲ್ಲಿ ಬೆಂಚಿನ ಮೇಲೆ ಕೈಯಿಟ್ಟೆ. ಮರ ಬೆಚ್ಚಗಿತ್ತು.

ಆ ಶನಿವಾರ ಮಾಯಮ್ಮ ಬೆಳಿಗ್ಗೆಯೇ ಬಂದಳು. ಶನಿವಾರ, ಭಾನುವಾರ ಕರೆಂಟಿಲ್ಲವಾದ್ದರಿಂದ ಊರಿಗೆ ಹೋಗಿ ಮಕ್ಕಳನ್ನು ನೋಡಿಬರುವ ಆತುರ. ನನಗೂ ಮೈಮೇಲೆ ಎಚ್ಚರವಿರಲಿಲ್ಲ. ಮಗಳು ಗೋದಾಗೆ ದಡಾರ ಎದ್ದು ಎರಡು ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಸೂಜಿ ತೆಗೆಯುತ್ತಿದ್ದರೆ ಪಟ್ಟಲಮ್ಮ ಪಕ್ಕದಲ್ಲಿ ನಿಂತು ದಡಾರಕ್ಕೆ ಬೇವಿನ ಸೊಪ್ಪು ಹೇಗೆ ಕಟ್ಟಬೇಕೆಂದು ಹೇಳುತ್ತಿದ್ದಳು. ಎಂಟು ಎಂದು ಬಾಯಿ ಹೇಳಿತು. ಅವರು ಬಸ್ಸಿಗೆ ಓಡಿದರು. ಹಿಂದೆಯೇ ಡಾಕ್ಟರು ಮಂಡ್ಯಕ್ಕೆ ಹೊರಟರು. ಸೂಜಿ ಕುದಿಸಿ ಡಬ್ಬಿಗೆ ಹಾಕುವಾಗ ನೋಡಿದರೆ ಏಳೇ.

ನೆಲ, ಹಾಸಿಗೆ, ಬಟ್ಟಲು ಎಲ್ಲ ತಡಕಿದೆ. ಕೀವಾಯಿತೋ ಕರೆಂಟು ನಿಲ್ಲಿಸಿಬಿಡ್ತಾರೆ ಎಂದಿದ್ದರಲ್ಲ ಡಾಕ್ಟರು. ಬೀಗ ಹಾಕಿ, ಗೋದಾಳನ್ನು ಪಕ್ಕದ ಮನೆ ಆಂಡಾಳ್ ಮಾಮಿಗೆ ಒಪ್ಪಿಸಿ, ಮಳವಳ್ಳಿಗೊಂದು, ಅಲ್ಲಿಂದ ಹಲಗೂರಿಗೊಂದು ಬಸ್ಸು ಹಿಡಿದು, ಮೂರು ಮೈಲಿ ನಡೆದು ಅವರ ಊರು ಮುಟ್ಟಿದಾಗ ಮೂರು ಗಂಟೆ.

ಮಾಯಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತು ಮುದ್ದೆ ಉಣ್ಣುತ್ತಿದ್ದಳು. ನನ್ನನ್ನು ಕಂಡವಳೇ ಸೀರೆ ಕೆಳಗೆಳೆದಳು. ನಾನು ಸರಿಸಿದೆ. ಎಡಮಂಡಿಯ ಕೆಳಗೆ ಸೂಜಿಯ ತಲೆ. ಸುತ್ತ ಕಾಸಿನಗಲ ಕೆಂಪು.

"ನೀವು ತಿರುಗ್ದಾಗ ಮುಚ್ಕಂಡೆ ಕಣಮ್ಮಾರೇ," ಎಂದಳು. "ಅವಳು ಎದ್ದೇ ಇಲ್ಲ. ಇನ್ನೂ ಅಲ್ಲೇ ಕುಂತವ್ಳೆ. ಇವತ್ತೊಂದಿನ ನಾನೊಬ್ಳೇ ಮನೆಗೆ ಬಂದಿವ್ನಿ."

"ಇದು ಕೀವಾದರೆ ಕರೆಂಟು ಕೊಡಲ್ಲ ಮಾಯಮ್ಮ."

"ಕಿತ್ರೆ ಅವಳು ಬತ್ತಳೆ. ಸ್ವಾಮಾರ ರೈಲಲ್ಲಿ ಅವಳಿದ್ರೆ ನಾನು ಅತ್ತಾಕಿಲ್ಲ. ಸಾಕಾಗದೆ ನಂಗೆ."

ಕರೆಂಟಿನ ವಿಷಯ, ರಕ್ತದ ವಿಷಯ ಎಲ್ಲ ಹೇಳಿದೆ. ಕಿವಿಗೇ ಹಾಕಿಕೊಳ್ಳಲಿಲ್ಲ. ಕೊನೆಗೆ ಸೆರಗಿನ ಗಂಟು ಬಿಚ್ಚಿ ಕೀಲಿ ತೋರಿಸಿದೆ. "ಎದ್ದರೂ ಎಲ್ಲಿಗೆ ಹೋಗ್ತಾಳೆ? ಷಾಪಿಗೆ ಬೀಗ ಹಾಕಿದೀನಿ."

ಅತ್ತೆ ಸೊಸೆ ಮುಖ ಮುಖ ನೋಡಿಕೊಂಡರು. "ಅಂಗಾರೆ ಸ್ವಾಮಾರ ಇವಳ ರೈಲು ಓಗೋಗಂಟ ಬೀಗ ತೆಗೀಬ್ಯಾಡಿ," ಎಂದಳು ಪಟ್ಟಲಮ್ಮ. "ನಿಮ್ಮ ಮಗೀನ ಮ್ಯಾಲೆ ಆಣೆ ಇಕ್ಕಿ."

ಮೈತುಂಬ ದಡಾರ ಎದ್ದು ಮಲಗಿದ್ದ ಮಗು. ಆ ಕೆಂಪನ್ನು ಇನ್ನೊಮ್ಮೆ ನೋಡಿ, ಆಣೆ ಇಟ್ಟೆ. ಸೂಜಿ ಎಳೆದು, ಬಿಸಿನೀರಲ್ಲಿ ಒರೆಸಿ, ಟಿಂಚರ್ ಹಚ್ಚಿದೆ. ಮಾಯಮ್ಮ ಬಹಳ ಹೊತ್ತು ಊರಬಾಗಿಲಿನ ದಾರಿಯನ್ನೇ ನೋಡಿದಳು. ಯಾರೂ ಬರಲಿಲ್ಲ. ಮುದ್ದೆಯ ಮಿಕ್ಕ ತುತ್ತು ಬಾಯಿಗಿಟ್ಟುಕೊಂಡಳು.

ಸೋಮವಾರ ಏಳು ಗಂಟೆಯ ರೈಲು ತಡ. ಏಳೂವರೆಗೆ ಡಾಕ್ಟರು ಬಂದರು. ಮೆಟ್ಟಿಲ ಮೇಲೆ ಮೂರು ಜನ ಕಾಯುತ್ತಿದ್ದರು. ಕೀಲಿ ನನ್ನ ಮುಷ್ಟಿಯಲ್ಲಿತ್ತು.

"ಏನು ಚೂಡಾಮಣಿ, ಮುಹೂರ್ತ ನೋಡ್ತಿದೀಯಾ? ಬಾಗಿಲು ತೆಗಿ."

"ಕೀಲಿ ಮನೇಲಿ ಬಿಟ್ಟೆ ಸಾರ್. ತರಿಸ್ತಿದೀನಿ."

ಆಗ ಒಳಗೆ ಬೆಂಚು ಕಿರ್ರೆಂದಿತು. ಆಮೇಲೆ ಬಾಗಿಲ ಕಡೆಗೆ ನಾಲ್ಕು ಹೆಜ್ಜೆ, ಬರಿಗಾಲಿನವು. ಡಾಕ್ಟರು ನನ್ನ ಮುಖ ನೋಡಿದರು.

"ಒಳಗೆ ಯಾರು?"

ಮೆಟ್ಟಿಲ ಮೇಲಿನ ಮುದುಕನೊಬ್ಬ ಎದ್ದು ದೂರ ಹೋಗಿ ನಿಂತ. ಬಾಗಿಲ ಮರ ಒಳಗಿನಿಂದ ಯಾರೋ ಹಣೆ ಒರಗಿಸಿದಂತೆ ಸಣ್ಣಗೆ ಅಲುಗಿತು. ಬೀಗ ಒಮ್ಮೆ ತೂಗಿತು. ಅಷ್ಟರಲ್ಲಿ ರೈಲು ಬಂತು. ಬೇಲಿಯಾಚೆ ಪ್ಲಾಟ್‌ಫಾರ್ಮಿನಲ್ಲಿ ಮಾಯಮ್ಮ ರೈಲುಡಬ್ಬಿಯ ಬಾಗಿಲಲ್ಲಿ ನಿಂತು ಒಳಗೆ ಇಣುಕಿದಳು. ಒಂದು ಕಡೆ ನೋಡಿದಳು, ಇನ್ನೊಂದು ಕಡೆ ನೋಡಿದಳು. ಹತ್ತಿದಳು. ಹಿಂದೆ ಪಟ್ಟಲಮ್ಮ. ಕಿಟಕಿಯ ಜಾಗದಲ್ಲಿ ಮಾಯಮ್ಮ ತಾನೇ ಕೂತಳು.

ಹೊಗೆ ಚನ್ನಪಟ್ಟಣದ ಕಡೆ ಕರಗುವ ತನಕ ಕಾದೆ. ಮುಷ್ಟಿ ಬಿಚ್ಚಿದಾಗ ಡಾಕ್ಟರು ಕೀಲಿ ನೋಡಿದರು. ಅವರೂ ಎರಡು ಮೆಟ್ಟಿಲು ಹಿಂದಕ್ಕೆ ಇಳಿದಿದ್ದರು.

ಬೀಗ ತೆಗೆದು ಬಾಗಿಲು ನೂಕಿ, ಒಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.

"ರೈಲು ಹೋಯಿತಮ್ಮ," ಎಂದೆ.