ಆರದ ಎದೆ

ಸೀರೆಯ ಗಂಟು ಬಿಚ್ಚಲು ಮೂವರು ಹೆಂಗಸರು ಬೇಕಾದರು. ಎದೆಯ ಮೇಲೆ ಎರಡು ಸುತ್ತು, ಬೆನ್ನಿನ ಹಿಂದಿನಿಂದ ಒಂದು ಸುತ್ತು ತಂದು ಎಡ ಕಂಕುಳ ಕೆಳಗೆ ಬಿಗಿದ ಗಂಟು. ದೊಡ್ಡಗಂಗಮ್ಮ ಹಾಕಿದ ಗಂಟನ್ನು ದೊಡ್ಡಗಂಗಮ್ಮನೇ ಬಿಚ್ಚಬೇಕು ಎಂದು ಅವಳು ಆಯಾ ಆಗಿದ್ದ ಕೋಲಾರದ ಆಸ್ಪತ್ರೆಯಲ್ಲಿ ತಮಾಷೆ ಮಾಡುತ್ತಿದ್ದರಂತೆ. ಈಗ ಅವಳು ಗೋಡೆಗೆ ಒರಗಿ ಕುಳಿತ ಹಾಗೆಯೇ ಸತ್ತಿದ್ದಳು. ಸೀರೆಯೊಳಗೆ ಮೊಮ್ಮಗಳು ತ್ರಿವೇಣಿಯ ಮಗು ನಿದ್ದೆ ಮಾಡುತ್ತಿತ್ತು.

ಸೊಸೆ, ತ್ರಿವೇಣಿಯ ತಾಯಿ ಶ್ಯಾಮಲಮ್ಮ ಕೈ ತೂರಿಸಿ ಮಗುವನ್ನು ಈಚೆಗೆ ತೆಗೆದಳು. ಎಂಟನೇ ತಿಂಗಳಿಗೇ ಹುಟ್ಟಿದ ಹೆಣ್ಣು ಕೂಸು, ತೂಕ ಒಂದೂವರೆ ಕೆಜಿ, ಆಸ್ಪತ್ರೆಯಿಂದ ಮನೆಗೆ ಬಂದು ಐದು ದಿನ. ಉಸಿರಾಡುತ್ತಿತ್ತು, ಬೆಚ್ಚಗಿತ್ತು. ತ್ರಿವೇಣಿ ನಿದ್ದೆಗೆಟ್ಟು ಸೊರಗಿದ್ದಾಳೆಂದು ಹಿಂದಿನ ಸಂಜೆ ಅಜ್ಜಿಯೇ ಎದೆಗೆ ಕಟ್ಟಿಕೊಂಡಿದ್ದಳು. ಜೀವ ಯಾವಾಗ ಹೋಯಿತೋ ಯಾರಿಗೂ ಗೊತ್ತಾಗಿರಲಿಲ್ಲ.

ಹೆಣವನ್ನು ಚಾಪೆಗೆ ಇಳಿಸುವಾಗ ಪಕ್ಕದ ಮನೆಯ ರಾಮಲಕ್ಷ್ಮಮ್ಮ ಕೈ ಹಿಂದಕ್ಕೆ ತೆಗೆದುಕೊಂಡಳು. ಕಾಲು ಸೆಟೆದಿತ್ತು, ಹಣೆ ತಣ್ಣಗಿತ್ತು. ಎದೆ ಮಾತ್ರ ಬಿಸಿ. ಮಗು ಒರಗಿದ್ದ ಜಾಗ, ಎರಡು ಅಂಗೈ ಅಗಲದಷ್ಟು.

"ಸತ್ರೂ ಡ್ಯೂಟಿ ಬಿಟ್ಟಿಲ್ಲ ನೋಡೇ ಇವ್ಳು" ಎಂದಳು ರಾಮಲಕ್ಷ್ಮಮ್ಮ. ನಗಬೇಕೆಂದೇ ಹೇಳಿದ್ದಳು. ಯಾರೂ ನಗಲಿಲ್ಲ.

ದೊಡ್ಡಗಂಗಮ್ಮನ ಗಂಡನ ಅಣ್ಣ ಸೊಣ್ಣಪ್ಪ ಹೊಸಿಲಿನ ಆಚೆಯೇ ನಿಂತಿದ್ದ. ಎಂಬತ್ತರ ಹತ್ತಿರದ ಮುದುಕ. ಆ ಮನೆಯಲ್ಲಿ ಮದುವೆಯಾಗಲಿ ಸಾವಾಗಲಿ ಅವನು ಹೇಳಿದ ಹಾಗೆ ನಡೆಯಬೇಕು. ಹೆಣ ಮುಟ್ಟಿದ ಶ್ಯಾಮಲಮ್ಮ, ರಾಮಲಕ್ಷ್ಮಮ್ಮ, ತ್ರಿವೇಣಿ ಮೂವರೂ ಮಣ್ಣು ಮುಗಿಸಿ ತಲೆಗೆ ನೀರು ಹಾಕಿಕೊಳ್ಳುವ ತನಕ ಕೂಸನ್ನು ಮುಟ್ಟಬಾರದು ಎಂದ. ಹೆಣವೂ ಹಸುಗೂಸೂ ಒಂದೇ ಸೂರಿನ ಕೆಳಗೆ ಇರಬಾರದು ಎಂದೂ ಹೇಳಿದ. ಹಿತ್ತಲಲ್ಲಿ ರೇಷ್ಮೆ ಹುಳದ ಮನೆ ಇದೆ, ಬೆಚ್ಚಗಿದೆ, ಅಲ್ಲಿ ಮಲಗಿಸಲಿ.

"ಕೆಳಗೆ ಮಲಗಿಸಬಾರದು ಅಂದಿದ್ರು ತಾತ, ಆಸ್ಪತ್ರೇಲಿ. ಯಾರಾದ್ರೂ ಎದೆ ಮೇಲೇ ಇಟ್ಕೋಬೇಕು" ಎಂದಳು ತ್ರಿವೇಣಿ.

"ಅಷ್ಟು ಸಾವಿರ ಹುಳ ಬದುಕೋ ಬಿಸಿ ಒಂದು ಕೂಸಿಗೆ ಸಾಲ್ದೇನಮ್ಮಾ?"

ತ್ರಿವೇಣಿಯ ಗಂಡ ಅರುಣ್‌ಕುಮಾರ್ ಮಾಲೂರಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯಲ್ಲಿದ್ದ. ಫೋನು ಹೋಗಿತ್ತು, ಬರುತ್ತಿದ್ದ. ದೊಡ್ಡಗಂಗಮ್ಮನ ಮಗ ಕದಿರೇಶ ಹುಳ ಸಾಕುವ ಬಿದಿರಿನ ತಟ್ಟೆಗೆ ಹತ್ತಿ ಹಾಸಿ ತಂದ. ಶ್ಯಾಮಲಮ್ಮ ಕೈಯಲ್ಲೇ ಇದ್ದ ಮಗುವನ್ನು ಅದರಲ್ಲಿ ಮಲಗಿಸಿ ದೂರ ಸರಿದಳು. ಅವನು ತಟ್ಟೆ ಹೊತ್ತುಕೊಂಡು ಹಿತ್ತಲಿಗೆ ನಡೆದ. ತ್ರಿವೇಣಿ ಹಿಂದೆಯೇ ಹೋಗಿ ಹುಳದ ಮನೆಯ ಬಾಗಿಲಲ್ಲಿ ಕುಳಿತಳು. ಅಲ್ಲಿಂದ ಮಗುವಿನ ಹೊಟ್ಟೆ ಏಳುವುದು ಬೀಳುವುದು ಕಾಣುತ್ತಿತ್ತು. ಮುಟ್ಟುವ ಹಾಗಿರಲಿಲ್ಲ. ಒಳಗೆ ಹುಳಗಳು ಸೊಪ್ಪು ಮೇಯುವ ಸದ್ದು ಸಣ್ಣ ಮಳೆಯ ಹಾಗೆ ಬರುತ್ತಿತ್ತು.

*

ನಲವತ್ತನಾಲ್ಕು ವರ್ಷದ ಹಿಂದೆ ಅದೇ ಜಾಗದಲ್ಲಿ ಹುಲ್ಲಿನ ಸೂರಿನ ಹುಳದ ಮನೆ ಇತ್ತು. ದೊಡ್ಡಗಂಗಮ್ಮನಿಗೆ ಆಗ ಹತ್ತೊಂಬತ್ತು. ಚೊಚ್ಚಲು ಬಸಿರು, ಎಂಟಕ್ಕೇ ಹೆರಿಗೆಯಾಯಿತು. ಏಳರದು ಉಳಿಯುತ್ತೆ, ಎಂಟರದು ಉಳಿಯಲ್ಲ ಅನ್ನುವ ಮಾತು ಹಿರಿಯರದು. ಸೊಣ್ಣಪ್ಪ ಅದನ್ನೇ ಹೇಳಿದ. ಆಗ ಅವನಿಗೆ ಮೂವತ್ತು ದಾಟಿತ್ತು, ಮನೆಯ ಯಜಮಾನಿಕೆ ಆಗಷ್ಟೇ ಕೈಗೆ ಬಂದಿತ್ತು.

"ಎದೆಗೆ ಹಚ್ಕೋಬೇಡಮ್ಮಾ. ಆಮೇಲೆ ಬಿಡೋದು ಕಷ್ಟ."

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಇದ್ದಿಲು ಒಲೆಯ ಪಕ್ಕ ತಟ್ಟೆಯಲ್ಲಿ ಹತ್ತಿ ಹಾಸಿ ಅವನೇ ಮಲಗಿಸಿದ. ಮನೆಯ ಹೆಂಗಸರು ಒಳಲೆಯಲ್ಲಿ ಕೂಸಿನ ಬಾಯಿಗೆ ಹಾಲು ಹಾಕಿ ಬರುತ್ತಿದ್ದರು. ಅವಳು ಈಚೆ ಗೋಡೆಗೆ ಕಿವಿ ಕೊಟ್ಟು ಮಲಗಿರುತ್ತಿದ್ದಳು. ಹುಳ ಮೇಯುವ ಸದ್ದಿನ ಅಡಿಯಲ್ಲಿ ಕೂಸಿನ ಸದ್ದು ಹುಡುಕುತ್ತಿದ್ದಳು. ಮೂರನೆಯ ದಿನ ಹುಳದ ಸದ್ದಷ್ಟೇ ಉಳಿಯಿತು.

ಹಿಪ್ಪುನೇರಳೆ ತೋಟದ ಮೂಲೆಯಲ್ಲಿ ಸೊಣ್ಣಪ್ಪನೇ ಮಣ್ಣು ಮಾಡಿ ಬಂದ. ಅದಕ್ಕೆ ಹೆಸರಿಟ್ಟಿರಲಿಲ್ಲ. ಆಮೇಲೆ ಕದಿರೇಶ ಹುಟ್ಟಿದ, ಬೆಳೆದ. ದೊಡ್ಡಗಂಗಮ್ಮ ಮಾತ್ರ ಹುಳದ ಮನೆಯೊಳಗೆ ಕಾಲಿಡಲಿಲ್ಲ. ಸೊಪ್ಪು ತಂದು ಬಾಗಿಲಲ್ಲೇ ಹಾಕಿ ಹೋಗುತ್ತಿದ್ದಳು. ಗಂಡ ಸತ್ತ ಮೇಲೆ ಸುಗಟೂರಿನಲ್ಲಿ ಬಸ್ಸು ಹತ್ತಿ ಕೋಲಾರದ ಆಸ್ಪತ್ರೆಯಲ್ಲಿ ಆಯಾ ಕೆಲಸಕ್ಕೆ ಸೇರಿದಳು. ಕೇಳಿಕೊಂಡು ಎಳೆ ಕೂಸುಗಳ ವಾರ್ಡಿಗೇ ಹಾಕಿಸಿಕೊಂಡಳು.

*

ಹನ್ನೊಂದರ ಹೊತ್ತಿಗೆ ಅಂಗಳ ತುಂಬಿತು. ತೋಟದಲ್ಲಿ ಗುಂಡಿ ತೆಗೆದು ಬಂದವರು ಕೈಕಾಲು ತೊಳೆದು ಕಾಯುತ್ತಿದ್ದರು. ಹೆಣ ಎತ್ತುವವರು ಯಾರೂ ಮುಂದೆ ಬರಲಿಲ್ಲ. ಎದೆ ಇನ್ನೂ ಬಿಸಿಯಾಗಿತ್ತು.

ಹೋಳೂರಿನಿಂದ ಒಬ್ಬ ತಾಯಿ ಐದಾರು ವರ್ಷದ ಮಗಳನ್ನು ಕರೆತಂದಿದ್ದಳು. ಈ ಮಗುವನ್ನೂ ದೊಡ್ಡಗಂಗಮ್ಮ ಹದಿನೇಳು ದಿನ ಎದೆಯ ಮೇಲೆ ಇಟ್ಟುಕೊಂಡಿದ್ದಳಂತೆ. ಹುಡುಗಿ ಹೆಣಕ್ಕೆ ಹೆದರಲಿಲ್ಲ. ಯಾರೂ ಹೇಳದೆಯೇ ಹೋಗಿ ಬಗ್ಗಿ ಎದೆಗೆ ಕೆನ್ನೆಯಿಟ್ಟಿತು. ತಾಯಿ ಎಳೆದುಕೊಂಡಾಗ, ಅಜ್ಜಿಗೆ ನಿದ್ದೆ ಬಂದಿಲ್ಲ ಎಂದಿತು.

ಸೊಣ್ಣಪ್ಪನೂ ಕೊನೆಗೆ ಒಳಗೆ ಬಂದು ಅಂಗೈ ಇಟ್ಟು ನೋಡಿದ. ಬಹಳ ಹೊತ್ತು ತೆಗೆಯಲಿಲ್ಲ.

"ಬಿಸಿ ಇರೋ ಮೈನ ಮಣ್ಣಿಗೆ ಹೆಂಗ್ಲಾ ಹಾಕೋದು" ಎಂದ ಕದಿರೇಶನಿಗೆ.

ವಾರ್ಡಿನ ನರ್ಸು ಶ್ರೀವಾಣಿ ಬಂದದ್ದು ಆಗ. ಕಣ್ಣಿನ ರೆಪ್ಪೆ ಎತ್ತಿ ಟಾರ್ಚು ಬಿಟ್ಟಳು, ಎದೆಗೆ ಸ್ಟೆತಾಸ್ಕೋಪು ಇಟ್ಟಳು. ಜೀವ ಹೋಗಿ ಏಳೆಂಟು ಗಂಟೆಯಾದರೂ ಆಗಿದೆ ಎಂದಳು. ಹಾಗಾದರೆ ಈ ಬಿಸಿ ಯಾಕೆ ಎಂದು ಕೇಳಿದರೆ ಮತ್ತೊಮ್ಮೆ ಎದೆ ಮುಟ್ಟಿ ನೋಡಿದಳು. ಪಕ್ಕದಲ್ಲಿ ಕುಳಿತು ಹಳೆಯ ಮಾತು ತೆಗೆದಳು. ಕೆಲವು ವರ್ಷದ ಹಿಂದೆ ವಾರ್ಡಿನಲ್ಲಿ ಡಾಕ್ಟರುಗಳು ಒಂದು ಸಂಶೋಧನೆ ಮಾಡಿದರಂತೆ. ತೂಕವಿಲ್ಲದ ಕೂಸು ಹುಟ್ಟಿದ ಕೂಡಲೇ ಲಕೋಟೆ ಒಡೆಯುವುದು, ಒಳಗಿನ ಚೀಟಿಯಲ್ಲಿ ಬಂದ ಹಾಗೆ ಮಾಡುವುದು. ಒಂದು ಚೀಟಿ ಬಂದರೆ ಆ ಗಳಿಗೆಯಿಂದಲೇ ಎದೆಯ ಮೇಲೆ. ಇನ್ನೊಂದು ಬಂದರೆ ಸುಧಾರಿಸುವ ತನಕ ಬಿಸಿ ಮೆಷಿನ್ನಿನ ಕೆಳಗೆ. ತಾಯಿ ಆಪರೇಷನ್ ಆಗಿ ಮಲಗಿದ್ದರೆ ದೊಡ್ಡಗಂಗಮ್ಮನದೇ ಎದೆ. ಆಮೇಲೆ ಒಂದು ದಿನ ಅದನ್ನು ಅರ್ಧಕ್ಕೇ ನಿಲ್ಲಿಸಿದರು. ಎದೆಯ ಮೇಲಿದ್ದ ಕೂಸುಗಳೇ ಹೆಚ್ಚು ಉಳಿದಿದ್ದವು. ಇಷ್ಟು ಗೊತ್ತಾದ ಮೇಲೆ ಮಿಕ್ಕವನ್ನು ಮೆಷಿನ್ನಿನಲ್ಲಿ ಬಿಡೋದು ತಪ್ಪು ಎಂದು ಡಾಕ್ಟರು ಎಲ್ಲರನ್ನೂ ಕೂರಿಸಿ ಹೇಳಿದರು.

"ಇವಮ್ಮ ಎದ್ದು ಕೇಳಿದ್ಲು. ಅಷ್ಟು ಜನ ಓದಿದೋರು ಸೇರಿ ಕಂಡುಹಿಡಿದಿದ್ದು ಇದೇನಾ ಸಾರ್, ಎತ್ಕೊಂಡ್ರೆ ಉಳಿಯುತ್ತೆ ಅಂತ? ಡಾಕ್ಟ್ರು ಹೂಂ ಅಂದ್ರು. ನಕ್ಬಿಟ್ಲು. ಅವತ್ತು ಡಬ್ಬಿ ಬಿಚ್ಚಲಿಲ್ಲ, ಊಟನೇ ಮಾಡ್ಲಿಲ್ಲ."

ಸೊಣ್ಣಪ್ಪ ಗೋಡೆಯ ಕಡೆ ನೋಡುತ್ತಿದ್ದ.

ಶ್ರೀವಾಣಿ ಸುತ್ತ ಕಣ್ಣಾಡಿಸಿದಳು. "ಮಗು ಯಾರ ಹತ್ರ ಇದೆ?"

ಶ್ಯಾಮಲಮ್ಮ ಹಿತ್ತಲ ಕಡೆ ನೋಡಿದಳು.

*

ಅದೇ ಹೊತ್ತಿಗೆ ಹುಳದ ಮನೆಯ ಬಾಗಿಲಲ್ಲಿ ತ್ರಿವೇಣಿಗೆ ಏನೋ ತಪ್ಪಿದ ಹಾಗಾಯಿತು. ಏನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಮಳೆಯ ಸದ್ದು ನಿಂತಿತ್ತು.

ಪೊರೆ ಬಿಡುವ ಮುಂಚೆ ಹುಳಗಳು ಮೇವು ಬಿಟ್ಟು ತಲೆಯೆತ್ತಿ ಕೂರುತ್ತವೆ. ಅವಳು ಹುಟ್ಟಿದಾಗಿನಿಂದ ನೋಡಿದ್ದಳು. ಕೆಲವು ಮೊದಲು, ಕೆಲವು ಆಮೇಲೆ, ಪೂರಾ ಕೂರಲು ಒಂದು ದಿನ ಹಿಡಿಯುತ್ತದೆ. ಇವತ್ತು ಸೊಪ್ಪು ಹಾಗೇ ಇತ್ತು, ಅಷ್ಟೂ ಹುಳ ಒಂದೇ ಸಲಕ್ಕೆ ನಿಂತಿದ್ದವು. ಸಾಲು ಸಾಲು ಬಿಳಿ ತಲೆಗಳು, ಎಲ್ಲವೂ ತಟ್ಟೆಯ ಕಡೆಗೆ ತಿರುಗಿದ್ದವು. ತಟ್ಟೆಯಲ್ಲಿ ಹೊಟ್ಟೆ ಏಳುತ್ತಿರಲಿಲ್ಲ.

ಅವಳು ಮೈಲಿಗೆ ಮರೆತಳು. ಬಾಚಿ ಎತ್ತಿಕೊಂಡಾಗ ಮಗು ಕೆರೆಯ ಕಲ್ಲಿನಷ್ಟು ತಣ್ಣಗಿತ್ತು, ತುಟಿ ನೀಲಿಯಾಗಿತ್ತು. ಅಜ್ಜಿ ಹೇಳಿಕೊಟ್ಟ ಹಾಗೆ ಅಂಗಾಲಿಗೆ ಬೆರಳಿನಿಂದ ಹೊಡೆದಳು. ಒಂದು ಸಲ. ಎರಡು ಸಲ. ಮೂರನೆಯದಕ್ಕೆ ಮಗು ಬಿಕ್ಕಿದ ಹಾಗೆ ಉಸಿರೆಳೆದುಕೊಂಡಿತು.

ಶ್ರೀವಾಣಿ ಓಡಿಬಂದಳು. ಹಿಂದೆ ಆಗಷ್ಟೇ ಬೈಕಿನಿಂದ ಇಳಿದ ಅರುಣ್‌ಕುಮಾರ್, ಅವನ ಹಿಂದೆ ಊರಿನವರು. ತ್ರಿವೇಣಿ ಎದೆಗೆ ಕಟ್ಟಿಕೊಳ್ಳಲು ನೋಡಿದಳು, ಗಂಟು ಎರಡು ಸಲವೂ ಜಾರಿತು.

"ಷರ್ಟ್ ಬಿಚ್ಚಿ" ಎಂದಳು ಶ್ರೀವಾಣಿ ಅರುಣ್‌ಕುಮಾರನಿಗೆ.

ಮಾವನ ಊರಿನ ಜನರೆದುರು ಅವನಿಗೆ ಸಂಕೋಚವಾಯಿತು. ಸೊಣ್ಣಪ್ಪ ಬಾಗಿಲಿಗೆ ಬಂದು ನಿಂತ. ಎಲ್ಲರೂ ಅವನ ಬಾಯಿಯನ್ನೇ ನೋಡಿದರು.

"ಬಿಚ್ಚಪ್ಪ" ಎಂದ ಮುದುಕ. "ಬೇಗ ಬಿಚ್ಚು."

ಬೆತ್ತಲೆ ಎದೆಗೆ ಮಗುವನ್ನು ಒತ್ತಿ ಶ್ರೀವಾಣಿ ತನ್ನ ವೇಲಿನಿಂದಲೇ ಬಿಗಿದಳು. ಹೆಣವಿದ್ದ ಮನೆಯೊಳಗೇ ಕರೆದು ಗೋಡೆಗೆ ಒರಗಿಸಿ ಕೂರಿಸಿದಳು. ಕಾಲು ಗಂಟೆಯಲ್ಲಿ ತುಟಿಯ ನೀಲಿ ಮೆಲ್ಲಗೆ ಇಳಿಯಿತು. ಮಗು ಬಾಯಿ ಚಪ್ಪರಿಸಿತು.

ಶ್ಯಾಮಲಮ್ಮ ಹೆಣದ ಹತ್ತಿರದಿಂದ ಕದಿರೇಶನನ್ನು ಕರೆದಳು. ಅತ್ತೆಯ ಎದೆ ತಣ್ಣಗಾಗಿತ್ತು.

*

ಮಣ್ಣು ಮುಗಿಸಿ ಬಂದವರು ಕಾಲು ತೊಳೆದು, ಹೆಣ ಮಲಗಿಸಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಿ ಒಬ್ಬೊಬ್ಬರಾಗಿ ಹೊರಟರು. ಆಮೇಲೆ ದೀಪದ ಸುತ್ತ ಶ್ಯಾಮಲಮ್ಮ ರಾಗಿ ಹಿಟ್ಟು ಹರಡಿ ಮೇಲೆ ಬಿದಿರಿನ ಮಂಕರಿ ಕವುಚಿದಳು. ತೀರಿಹೋದವರು ಹಿಟ್ಟಿನ ಮೇಲೆ ಹೆಜ್ಜೆ ಬಿಟ್ಟು ಹೋಗುತ್ತಾರೆ ಅನ್ನುವುದು ಆ ಕಡೆಯ ನಂಬಿಕೆ. ಹಕ್ಕಿಯದೋ ಹಸುವಿನದೋ ಗುರುತು ನೋಡಿ, ಏನಾಗಿ ಹುಟ್ಟುತ್ತಾರೆಂದು ಹೇಳುತ್ತಾರೆ. ಅದನ್ನು ಹಿರಿಯರೇ ನೋಡಬೇಕು.

ಅರುಣ್‌ಕುಮಾರ್ ಕುಳಿತಲ್ಲಿಂದ ಎದ್ದಿರಲಿಲ್ಲ. ಮಗುವಿನ ಬೆನ್ನ ಮೇಲೆ ಕೈಯಿಟ್ಟುಕೊಂಡು ಅರೆನಿದ್ದೆಯಲ್ಲಿದ್ದ. ತ್ರಿವೇಣಿ ಅವನ ಭುಜಕ್ಕೆ ತಲೆಯಾನಿಸಿ ಮಲಗಿದ್ದಳು.

ಕತ್ತಲಾದ ಮೇಲೆ ಸೊಣ್ಣಪ್ಪ ಮಂಡಿಯೂರಿ ಮಂಕರಿ ಎತ್ತಿದ. ಕಣ್ಣು ಸರಿಯಾಗಿ ಕಾಣದೆ ಇನ್ನೂ ಬಗ್ಗಿದ. ಹಕ್ಕಿಯದಾ ದೊಡ್ಡಪ್ಪ ಎಂದು ಕದಿರೇಶ ಹಿಂದಿನಿಂದ ಕೇಳಿದ.

ಹಿಟ್ಟಿನಲ್ಲಿ ಒಂದೇ ಒಂದು ಪಾದ ಮೂಡಿತ್ತು. ಐದು ಬೆರಳು, ಹಿಮ್ಮಡಿ, ಎಲ್ಲ ಸ್ಪಷ್ಟವಾಗಿತ್ತು. ಅವನು ತನ್ನ ಹೆಬ್ಬೆರಳನ್ನು ಅದರ ಪಕ್ಕಕ್ಕೆ ಮಲಗಿಸಿ ಅಳತೆ ನೋಡಿದ. ಹೆಬ್ಬೆರಳೇ ಉದ್ದವಿತ್ತು.