ಮಸಿ ಹತ್ತದ ತುಂಡುಗಳು

ಹೆಗಲ ಮೇಲೆ ಟವೆಲ್ ಮಡಚಿ ಹಾಕಿಕೊಂಡು ಬಸಲಿಂಗಪ್ಪ ಹೆಣ ಹೊರುವ ವಿಮಾನದ ಮುಂದಿನ ಬಿದಿರಿಗೆ ಕೈ ಹಾಕಿದ. ವಿಮಾನದಲ್ಲಿ ಮಡಿವಾಳೆಪ್ಪ ಹಣೆತುಂಬ ವಿಭೂತಿ ಹಚ್ಚಿಸಿಕೊಂಡು ಕುಳಿತಿದ್ದ. ದೊಡವಾಡದ ಆ ಓಣಿಯವರೆಲ್ಲ ಅಂಗಳದಲ್ಲಿ ನೆರೆದಿದ್ದರು.

“ಬೈಲಹೊಂಗಲದಾಗ ಇವನಂಗ ಅಚ್ಚಿನ ಮೊಳಿ ಜೋಡಸಾಂವ ಇನ್ನೊಬ್ಬ ಇರಲಿಲ್ಲ ನೋಡ್ರಿ,” ಎಂದ ಬಸಲಿಂಗಪ್ಪ, ಎಲ್ಲರಿಗೂ ಕೇಳುವಂತೆ. “ಸಣ್ಣಾಂವ ಇದ್ದಾಗಿಂದ ದೋಸ್ತ, ನನ್ನ ಪ್ರೆಸ್ಸಿನ ಬಲಗೈ. ಅದೊಂದು ಕಂಪ್ಯೂಟರ್ ಪುಸ್ತಕ ಕೆಡಿಸಿದ್ದು ಬಿಟ್ರ, ಬಂಗಾರದಂಥಾ ಮನಷ್ಯಾ.”

“ಹೋಗ್ಲಿ ಬಿಡ್ರಿ, ಈಗ್ಯಾಕ ಅದು,” ಎಂದ ಪಕ್ಕದ ಮನೆಯ ಶಟ್ಟೆಪ್ಪ.

ಬಾಗಿಲಲ್ಲಿ ಕುಳಿತಿದ್ದ ಮಡಿವಾಳೆಪ್ಪನ ಹೆಂಡತಿ ಸಿದ್ದಲಿಂಗವ್ವನ ಅಳು ಗಕ್ಕನೆ ನಿಂತಿತು. ಹೆಣದ ಮುಂದೂ ಅದೇ ಸುಳ್ಳು! ಇವನಿಗೆ ನಾಚಿಕೆ ಅನ್ನುವುದು ಹುಟ್ಟಿನಿಂದಲೇ ಇಲ್ಲವೇನೋ.

*

ಎಪ್ಪತ್ತೆರಡನೆಯ ಇಸವಿಯಲ್ಲಿ ಧಾರವಾಡದ ಪ್ರೊಫೆಸರೊಬ್ಬರು ಪ್ರೆಸ್ಸಿಗೆ ಒಂದು ಕೈಪಿಡಿ ತಂದರು. ಕಂಪ್ಯೂಟರಿಗೆ ಲೆಕ್ಕ ಹೇಳುವ ಫೋರ್ಟ್ರಾನ್ ಎಂಬ ಭಾಷೆಯದು. “ಈ ಸಾಲುಗಳ ಮುಂದ ಜಾಗ ಖಾಲಿ ಇರಬೇಕ್ರಿ, ಇಲ್ಲಾಂದ್ರ ಮಷೀನಿಗೆ ತಿಳಿಯೂದಿಲ್ಲ,” ಎಂದು ಬೆರಳಿಟ್ಟು ತೋರಿಸಿದರು.

ಮಡಿವಾಳೆಪ್ಪ ಹಾಗೇ ಜೋಡಿಸಿದ. ಪ್ರತಿ ಸಾಲಿನ ಮುಂದೆ ಅಕ್ಷರವಿಲ್ಲದ, ಮಸಿ ಹತ್ತದ ಸೀಸದ ತುಂಡುಗಳು. ಮನೆಗೆ ಬಂದು ಹೆಂಡತಿಗೂ ನೆಲದ ಮೇಲೆ ಜೋಳದ ಕಾಳು ಸಾಲಾಗಿಟ್ಟು ತೋರಿಸಿದ. “ಬರೇ ಖಾಲಿ ಜಾಗಕ್ಕೂ ಕಿಮ್ಮತ್ತ ಐತಿ ನೋಡ ಇದರಾಗ,” ಎಂದು ನಕ್ಕ.

ಅವನು ಬೀಗರ ಮದುವೆಗೆಂದು ಹೂಲಿಗೆ ಹೋದ ದಿನ ಬಸಲಿಂಗಪ್ಪ ಪುಟಗಳನ್ನು ನೋಡಿದ. ಎಲ್ಲಿ ನೋಡಿದರೂ ತೆರಪು. ನೋಡಲಿಕ್ಕೆ ಚಂದವಿಲ್ಲ, ಕಾಗದವೂ ದಂಡ. ತುಂಡುಗಳನ್ನು ಕಿತ್ತು, ಸಾಲುಗಳನ್ನೆಲ್ಲ ಎಡಕ್ಕೆ ದೂಡಿ, ಒಪ್ಪಮಾಡಿ ಅಚ್ಚು ಹಾಕಿಸಿಬಿಟ್ಟ.

ಪ್ರೊಫೆಸರು ಪುಸ್ತಕ ಹಿಡಿದು ಕೆಂಡವಾಗಿ ಬಂದರು. “ಇದರಾಗಿನ ಒಂದು ಲೆಕ್ಕಾನೂ ನಡಿಯೂದಿಲ್ಲ! ಯಾವ ಗಾಂಪ ಮಾಡಿದ್ದು?”

ಮಡಿವಾಳೆಪ್ಪ ಗೆಳೆಯನ ಮುಖ ನೋಡಿದ. ಗೆಳೆಯ ನೆಲ ನೋಡಿದ. “ಇಂವನ ಜೋಡಿಸಿದ್ದರಿ,” ಎಂದ.

ಕಿತ್ತ ತುಂಡುಗಳು ಕಸದ ಬುಟ್ಟಿಯಲ್ಲಿ ಸಿಕ್ಕವು. ಅವನ್ನು ಅಂಗಿಯ ಕಿಸೆಗೆ ತುಂಬಿಕೊಂಡು ಮನೆಗೆ ಬಂದ ಮಡಿವಾಳೆಪ್ಪ ಮತ್ತೆ ಮೊಳೆ ಮುಟ್ಟಲಿಲ್ಲ. ಬೇರೆ ಪ್ರೆಸ್ಸಿನವರು ಕರೆಯಲೂ ಇಲ್ಲ.

“ಖರೇ ಏನಂತ ನೀವರ ಹೇಳಬಾರದೇನ್ರಿ?” ಎಂದು ಸಿದ್ದಲಿಂಗವ್ವ ಜಗಳಾಡಿದರೆ, “ದೋಸ್ತ ಅದಾನ. ತಾನಾ ಬಂದು ಹೇಳ್ತಾನ, ತಡಿ,” ಅನ್ನುತ್ತಿದ್ದ. ಬೈಲಹೊಂಗಲದ ಬಸ್ಸು ಬಂದಾಗೆಲ್ಲ ಕಟ್ಟೆಯಿಂದ ಎದ್ದು ನಿಂತು ನೋಡುತ್ತಿದ್ದ.

*

ಸಿದ್ದಲಿಂಗವ್ವ ಒಳಗೆ ಹೋಗಿ ಗೋಡೆಯ ಮಾಡದಿಂದ ಗಂಟೊಂದನ್ನು ತಂದಳು.

“ಅಣ್ಣಾರ, ಬಿದಿರು ಬಿಡ್ರಿ. ಎರಡೂ ಕೈ ಹಿಡೀರಿ.”

ಬಸಲಿಂಗಪ್ಪನ ಬೊಗಸೆಗೆ ಸೀಸದ ತುಂಡುಗಳನ್ನು ಸುರಿದಳು.

“ಏನವಾ ಇವು?”

“ಗುರ್ತು ಸಿಗಲಿಲ್ಲೇನ್ರಿ? ಪ್ರೊಫೆಸರ್ ಪುಸ್ತಕದಾಗಿಂದ ನೀವು ಕಿತ್ತು ಒಗದಿದ್ದು. ಕೆಡಿಸಿದವರು ನೀವು, ಹೆಸರು ಕೆಟ್ಟಿದ್ದು ಇವರದು. ನೀವು ಬಾಯಿ ಬಿಡ್ತೀರಂತ ಸಾಯೂತನಕ ಹಾದಿ ಕಾದ್ರು.”

“ತಂಗೆವ್ವಾ, ಇಂಥಾ ಹೊತ್ತಿನ್ಯಾಗ…”

“ಇಂಥಾ ಹೊತ್ತಿನ್ಯಾಗ ನೀವ ಮಾತು ತಗದ್ರಿ. ಅವರಿಗೆ ನಿಮ್ಮ ಹೆಗಲು ಬ್ಯಾಡ.”

ಶಟ್ಟೆಪ್ಪ ಬಸಲಿಂಗಪ್ಪನ ಮುಖ ನೋಡಿದ. ಮುಂದೆ ಬಂದು ಬಿದಿರಿಗೆ ತಾನೇ ಹೆಗಲು ಕೊಟ್ಟ.

ಭಜನೆ ಶುರುವಾಯಿತು, ವಿಮಾನ ಎದ್ದಿತು. ಅಂಗಳದಲ್ಲಿದ್ದವರೆಲ್ಲ ಮಡಿವಾಳೆಪ್ಪನಿಗೆ ಕೈ ಮುಗಿದರು. ಬಸಲಿಂಗಪ್ಪನಿಗೆ ಮುಗಿಯಲಾಗಲಿಲ್ಲ, ಬೊಗಸೆತುಂಬ ಸೀಸ ಹಿಡಿದುಕೊಂಡು ಹಾಗೇ ನಿಂತಿದ್ದ.